ವಾರಕ್ಕ ಒಂದು

ಜನವರಿ 20, ಸೋಮವಾರ

ಒಪ್ಪತ್ತು. ಹೊಟ್ಟೆ ಖಾಲಿ, ತಲೆ ಬಿಸಿ. ಮಧ್ಯಾಹ್ನದ ಊಟದ ಗದ್ದಲ ಈಗ ಮುಗಿಯಿತು. ಹಣಮವ್ವ ರೊಟ್ಟಿ ಬಡಿಯುವುದು ಮುಗಿಸಿ ಮನೆಗೆ ಹೋದಳು. ಖಾನಾವಳಿಯ ಬಾಗಿಲು ಅರ್ಧ ಎಳೆದು ಕುಳಿತಿದ್ದೇನೆ. ಎರಡೂ ಮಂಡಿ ಸಿಡಿಯುತ್ತಿವೆ. ಒಲೆ ಮುಂದೆ ಕೂತರೆ ಏಳಲು ಆಗುವುದಿಲ್ಲ, ಎದ್ದರೆ ಕೂರಲು ಆಗುವುದಿಲ್ಲ.

ಇವರು ಜಮಖಂಡಿಗೆ ಹೋಗಿ ಬಂದರು. ಮೈಕೈ ನೋವು, ಸುಸ್ತು ಎನ್ನುತ್ತಿದ್ದರಲ್ಲ, ರಕ್ತ ಕೊಟ್ಟು ಬಂದಿದ್ದರು. ಇವತ್ತು ರಿಪೋರ್ಟ್. ವಿಟಮಿನ್ ಡಿ ಕಡಿಮೆ. ಪವರ್‌ಲೂಮ್ ಶೆಡ್ಡಿನಲ್ಲಿ ಮಗ್ಗ ರಿಪೇರಿ ಮಾಡುತ್ತ ಹೊತ್ತು ಮುಳುಗಿಸುವ ಮನುಷ್ಯ, ಮೈಗೆ ಬಿಸಿಲು ಬೀಳುವುದೆಲ್ಲಿ. ಡಾಕ್ಟರು ಪುಡಿಯ ಪಾಕೀಟು ಬರೆದುಕೊಟ್ಟಿದ್ದಾರೆ. ಹಾಲಿಗೆ ಹಾಕಿಕೊಂಡು ಕುಡಿಯಬೇಕಂತೆ.

ಕುಡಿಯಲಿ. ಯಾರು ಬೇಡ ಅಂದರು. ಆದರೆ ಒಳಗೆ ಬಂದವರೇ, ತುಂಬಿದ ಪಂಕ್ತಿಯ ಎದುರಿಗೆ —

“ಕೇಳಿದಿಯೇನ ಶೇವಂತಿ. ಇಷ್ಟ ವರ್ಷ ನಿನ್ನ ಕೈಯಾಗಿನ ರೊಟ್ಟಿ ತಿಂದೂ ನನ್ನ ಮೈಯಾಗ ವಿಟಮಿನ್ ಇಲ್ಲಂತ. ಡಾಕ್ಟರ ಹೇಳ್ಯಾರ.”

ಊಟಕ್ಕೆ ಕುಳಿತ ನೇಕಾರರೆಲ್ಲ ಬಾಯಿತುಂಬ ಅನ್ನ ಇಟ್ಟುಕೊಂಡೇ ನಕ್ಕರು. ಮೈಯೆಲ್ಲ ಉರಿದುಹೋಯಿತು. ಬನಹಟ್ಟಿಯ ಅರ್ಧ ಮಗ್ಗಗಳು ನಡೆಯುವುದೇ ನನ್ನ ರೊಟ್ಟಿಯ ಮೇಲೆ. ಮಡಕಿ ಕಾಳು, ಮೆಂತ್ಯದ ಸೊಪ್ಪು, ಗುರೆಳ್ಳು ಚಟ್ನಿ, ಗಟ್ಟಿ ಮೊಸರು — ಇದರಲ್ಲಿ ಇಲ್ಲದ್ದು ಆ ಪಾಕೀಟಿನಲ್ಲಿ ಏನಿದೆಯಂತೆ? ಹೆಂಡತಿಯ ಮರ್ಯಾದೆ ಅಷ್ಟು ಅಗ್ಗವೇ?

ಆಮೇಲೆ ಮೆಲ್ಲಗೆ ಬಂದು, “ನಿನ್ನ ಮಂಡಿಗೂ ಇದ ಪುಡಿ ಛಲೋ ಅಂತ, ತಗೋ” ಅಂದರು. “ನನಗ ಬ್ಯಾಡ್ರಿ. ನನ್ನ ಅಡಿಗಿ ನನಗ ಸಾಕು” ಅಂದೆ. ಅಷ್ಟಕ್ಕೆ ಮಾತು ಮುಗಿಸಿದೆ. ಹೇಗೆ ಕುಡಿಯಬೇಕು, ಎಷ್ಟು ಕುಡಿಯಬೇಕು — ಕೇಳಲೂ ಇಲ್ಲ. ಯಾಕೆ ಕೇಳಲಿ?

ಜನವರಿ 31

ಇವರಿಗೆ ಪುಡಿ ಕುಡಿಯುವುದೊಂದು ಪೂಜೆ ಆಗಿದೆ. ಬೆಳಿಗ್ಗೆ ಸ್ನಾನ, ವಿಭೂತಿ, ಆಮೇಲೆ ಹಾಲಿನ ಲೋಟ. ಪಾಕೀಟು ಹರಿದು, ತಟ್ಟಿ ತಟ್ಟಿ ಸುರಿದು, ಚಮಚದಿಂದ ಟಣಟಣ. ನನಗೆ ಕೇಳಲಿ ಅಂತಲೇ ಆ ಸಪ್ಪಳ. ಕುಡಿದು ಮೀಸೆ ಒರೆಸಿಕೊಂಡು, “ಈಗ ನೋಡ, ಹುರುಪ ಬಂತು” ಅನ್ನುತ್ತಾರೆ. ಕುಡಿದ ಕೂಡಲೇ ಹುರುಪು ಬರಲು ಅದೇನು ಚಹಾ?

ಡಾಕ್ಟರು ಕೊಟ್ಟ ಪುಡಿ ಆಗಲೇ ತೀರಿತಂತೆ. ಬಸ್‌ಸ್ಟ್ಯಾಂಡ್ ಹತ್ತಿರದ ಮೆಡಿಕಲ್ ರಾಮಣ್ಣನ ಹತ್ತಿರ ಅದೇ ಪಾಕೀಟಿನ ಒಂದು ಡಬ್ಬಿ ತಂದಿದ್ದಾರೆ. ಇವರ ಪಾಲಿಗೆ ಈಗ ರಾಮಣ್ಣನೇ ದೇವರು.

ಫೆಬ್ರವರಿ 3, ಸೋಮವಾರ

ಛಲ ಹುಟ್ಟಿದೆ. ನನ್ನ ಮಂಡಿ ನಾನೇ ನೆಟ್ಟಗೆ ಮಾಡಿಕೊಳ್ಳುತ್ತೇನೆ. ಬಾಣಂತಿಯರಿಗೆ ಸೊಂಟ ಗಟ್ಟಿ ಆಗಲಿ ಅಂತ ನಮ್ಮವ್ವ ಅಳವಿ ಪಾಯಸ ಮಾಡಿ ಕೊಡುತ್ತಿದ್ದಳು. ಕೆಂಪನೆಯ ಸಣ್ಣ ಅಳವಿ ಕಾಳು, ಹಾಲು, ಮಹಾಲಿಂಗಪುರದ ಬೆಲ್ಲ. ಇನ್ನು ಮೇಲೆ ಸೋಮವಾರ ಒಪ್ಪತ್ತು ಬಿಡುವುದು ಅದರಿಂದಲೇ. ಬೇರೆ ದಿನ ನನಗೆಲ್ಲಿ ಪುರುಸೊತ್ತು, ನಿಂತಲ್ಲೇ ತುತ್ತು ಬಾಯಿಗೆ ಹಾಕುವವಳು.

ಸಂಜೆ ದೇವರ ಮುಂದೆ ದೀಪ ಹಚ್ಚುತ್ತಿದ್ದೆ. ಇವರೇ ಅಡುಗೆಮನೆಯಿಂದ ಪಾಯಸದ ಬಟ್ಟಲು ತಂದು ಕೈಗಿಟ್ಟರು. ಮದುವೆಯಾದಾಗಿನಿಂದ ನನಗೊಂದು ಲೋಟ ನೀರು ತಂದುಕೊಟ್ಟವರಲ್ಲ. ಜನರ ಎದುರಿಗೆ ಆಡಿದ ಮಾತಿಗೆ ಈಗ ಮಸ್ಕಾ ಹೊಡೆಯುವುದು. ತೆಗೆದುಕೊಂಡು ತಿಂದೆ. ಇನ್ನು ಸೋಮವಾರ ಸೋಮವಾರ ತಾವೇ ತಂದುಕೊಡುತ್ತಾರಂತೆ.

ಫೆಬ್ರವರಿ 18

ಊರಿಗೆಲ್ಲ ವಿಟಮಿನ್ ರೋಗ ಹತ್ತಿದೆ. ಹೊಸ ಹುಡುಗ ನವೀನ, ನಾಲ್ಕನೇ ಗಲ್ಲಿಯ ಶೆಡ್ಡಿನವನು, ಊಟಕ್ಕೆ ಬರುವಾಗ ಬಗಲಲ್ಲಿ ಡಬ್ಬಿ. ನನ್ನ ಮಜ್ಜಿಗೆಗೆ ಅವನ ಪುಡಿ ಕಲೆಸಿ ಕುಡಿಯುತ್ತಾನೆ. ಮಜ್ಜಿಗೆ ಗುಲಾಬಿ ಬಣ್ಣ. ಪಕ್ಕದವರು ಅದನ್ನೇ ನೋಡುತ್ತಾರೆ, ನನ್ನ ಪಲ್ಯ ನೋಡುವುದಿಲ್ಲ.

“ಏನಲೇ ಇದು” ಅಂದೆ.

“ತಾಕತ್ತಿನ ಪುಡಿ ಅಕ್ಕಾ. ಹನ್ನೆರಡ ವಿಟಮಿನ್ ಅದಾವ ಇದರಾಗ.”

“ಮೈಯಾಗ ಏನ ಆಗೇತಿ ನಿನಗ?”

“ಏನೂ ಆಗಿಲ್ಲ. ಆಗಬಾರದಂತ.”

ಏನೂ ಆಗದಿದ್ದವನಿಗೆ ಔಷಧಿ. ಬಾಗಿಲ ಪಕ್ಕದ ಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಬರೆದೆ — ‘ಹೊರಗಿನ ಪುಡಿ ಒಳಗೆ ತರಬಾರದು’. ಸಂಜೆ ಇವರು ಅದನ್ನು ಓದಿ ಒಳಗೆ ಬಂದರು, ಅಂಗಿಯ ಕಿಸೆ ಮುಚ್ಚಿಕೊಂಡು. ಹಣಮವ್ವ ಸೆರಗು ಬಾಯಿಗಿಟ್ಟು ನಕ್ಕಳು. ನನಗೆ ನಗು ಬರಲಿಲ್ಲ.

ಕೊತ್ತಂಬರಿ ತರಲು ಹೋದಾಗ ರಾಮಣ್ಣನ ಅಂಗಡಿ ಮುಂದೆ ನಿಂತು ಕೇಳಿಯೇ ಬಿಟ್ಟೆ. ಇಷ್ಟು ಪುಡಿ ಕುಡಿದರೆ ಏನೂ ಆಗುವುದಿಲ್ಲವೇನಪ್ಪ ಅಂತ. ಅವನು ಮೊಬೈಲಿನಿಂದ ತಲೆ ಎತ್ತದೆ, “ವಿಟಮಿನ್ ಏನ ವಿಷ ಏನ್ರಿ ಅಕ್ಕಾರ? ಮೈಗೆ ಬೇಕಾದಷ್ಟ ಹಿಡೀತೈತಿ, ಹೆಚ್ಚಾಗಿದ್ದು ಮೂತ್ರದಾಗ ಹೋಗತೈತಿ” ಅಂದ. ಡಾಕ್ಟರ ಹಾಗೆ ಮಾತಾಡುತ್ತಾನೆ. ನಂಬಿ ಬಂದೆ.

ಮಾರ್ಚ್ 17, ಸೋಮವಾರ

ಗೆದ್ದೆ.

ಬೆಳಿಗ್ಗೆ ಹಿಟ್ಟಿನ ಡಬ್ಬಿ ಎತ್ತಿಕೊಂಡು ಸೀದಾ ಎದ್ದು ನಿಂತೆ. ನಿಂತ ಮೇಲೆ ನೆನಪಾಯಿತು, ಯಾವುದನ್ನೂ ಹಿಡಿದುಕೊಳ್ಳಲಿಲ್ಲ ಅಂತ. ಮತ್ತೆ ಕೂತೆ, ಮತ್ತೆ ಎದ್ದೆ. ಮಂಡಿ ಸುಮ್ಮನಿವೆ. ಹಣಮವ್ವ, “ಅಕ್ಕಾರ, ಬಸ್ಕಿ ಹೊಡ್ಯಾಕತ್ತೀರೇನ?” ಅಂದಳು. ಅವಳನ್ನು ತಬ್ಬಿಕೊಂಡೆ.

ಊಟದ ಹೊತ್ತಿಗೆ ಎಲ್ಲರಿಗೂ ಹೇಳಿದೆ. ನೋಡ್ರಪ್ಪ, ಪಾಕೀಟು ಇಲ್ಲ, ಡಬ್ಬಿ ಇಲ್ಲ. ಬರೀ ಅಳವಿ ಪಾಯಸ. ವಿಟಮಿನ್ ವಿಟಮಿನ್ ಅಂತ ಕುಣಿಯುವವರು ಇಲ್ಲಿ ಬಂದು ಈ ಮಂಡಿ ನೋಡಿ ಹೋಗಿ. ನವೀನ ತಲೆ ತಗ್ಗಿಸಿ ಉಂಡ. ಇಬ್ಬರು ಹೆಣ್ಣುಮಕ್ಕಳು ಅಳವಿ ಎಲ್ಲಿ ಸಿಗುತ್ತದೆ ಅಂತ ವಿಚಾರಿಸಿಕೊಂಡು ಹೋದರು. ಬೀಳಗಿಯಲ್ಲಿರುವ ಮಗಳು ಪ್ರೀತಿಗೂ ಫೋನ್ ಮಾಡಿ ಹೇಳಿದೆ. ಅವಳು ವಾಟ್ಸಾಪಿನಲ್ಲಿ ದಿನಾ ಒಂದೊಂದು ವಿಟಮಿನ್ನಿನ ವಿಡಿಯೋ ಕಳಿಸುವವಳು. “ಆತ ಬಿಡವಾ” ಅಂದಳು.

ಇವರು ಮಾತ್ರ ಮೀಸೆಯಲ್ಲೇ ನಕ್ಕರು. ಸೋತವರು ನಗಲೇಬೇಕು, ಇನ್ನೇನು ಮಾಡುತ್ತಾರೆ.

ಏಪ್ರಿಲ್ 4

ಎರಡು ರೊಟ್ಟಿ ಹಾಕಿದರೆ ಒಂದು ಬಿಟ್ಟು ಎದ್ದರು. ನಿನ್ನೆಯೂ ಹಾಗೇ.

“ಯಾಕ್ರಿ, ಇದರಾಗ ವಿಟಮಿನ್ ಇಲ್ಲಂತೇನ?” ಅಂದೆ.

“ಹಸಿವಿಲ್ಲ ಮಾರಾಯ್ತಿ.”

ಹಸಿವು ಎಲ್ಲಿಂದ ಬರಬೇಕು, ಹೊಟ್ಟೆ ತುಂಬ ನೀರು. ತಂಬಿಗೆ ಮೇಲೆ ತಂಬಿಗೆ. ಬಿಸಿಲು ಹೌದು, ಆದರೆ ಬಿಸಿಲು ನಮಗೂ ಇದೆಯಲ್ಲ. ನಾನು ಮಾಡಿದ್ದನ್ನು ತಟ್ಟೆಯಲ್ಲಿ ಬಿಟ್ಟು ಏಳುವುದೆಂದರೆ ನನ್ನ ಕೆನ್ನೆಗೆ ಹೊಡೆದ ಹಾಗೆ. ರಾತ್ರಿ ಮಾತು ಬಿಟ್ಟೆ.

ಏಪ್ರಿಲ್ 16

ಸಿಟ್ಟು ಇಳಿದಿದೆ. ಹೆದರಿಕೆ ಬಂದಿದೆ. ಮುಖ ಇಳಿದುಹೋಗಿದೆ ಇವರದು. ಹೊಟ್ಟೆ ಕಟ್ಟಿಕೊಂಡಿದೆ, ತಿಂದದ್ದು ವಾಂತಿ. ಕಾಲಲ್ಲಿ ಕಸುವಿಲ್ಲ. ಹಾಲು, ಮೊಸರು, ಎಳ್ಳಿನ ಉಂಡೆ — ಶಕ್ತಿ ಬರಲಿ ಅಂತ ಹಿಂದೆ ಬಿದ್ದು ತಿನ್ನಿಸುತ್ತಿದ್ದೇನೆ.

ರಾಮಣ್ಣನ ಹತ್ತಿರ ಹೋಗಿ ಕೇಳಿದರಂತೆ. ಅಶಕ್ತಿ ಅಂದನಂತೆ. ಅದಕ್ಕೊಂದು ಟಾನಿಕ್ ಕೊಟ್ಟನಂತೆ. “ಪುಡಿನೂ ಬಿಡಬ್ಯಾಡ್ರಿ” ಅಂದನಂತೆ. ಬಿಡುವುದು ಹೇಗೆ, ಇವರಿಗೆ ಬೆಳಿಗ್ಗೆ ಎದ್ದು ಕೂರಲಾಗದಿದ್ದರೂ ಆ ಲೋಟ ಮಾತ್ರ ಬೇಕು. ಜಮಖಂಡಿಗೆ ಹೋಗೋಣ ಬನ್ನಿ ಅಂದರೆ, “ಡಾಕ್ಟರ ಕೊಟ್ಟ ಔಷಧಾನ ತಗೋಳಾಕತ್ತೀನಲ್ಲ, ಮತ್ತ ಯಾಕ?”

ಏಪ್ರಿಲ್ 23

ಶೆಡ್ಡಿನಿಂದ ಫೋನು. ಇವರು ಒಂದು ಮಗ್ಗದ ಮುಂದೆ ನಟ್ಟು ತಿರುಗಿಸುವ ಪಾನಾ ಹಿಡಿದು ಕುಳಿತೇ ಇದ್ದಾರಂತೆ. ಏನು ಬಿಚ್ಚಬೇಕು ಗೊತ್ತಾಗುತ್ತಿಲ್ಲವಂತೆ. ಕಣ್ಣು ಮುಚ್ಚಿ ಮಗ್ಗದ ಸಪ್ಪಳ ಕೇಳಿಯೇ ಎಲ್ಲಿ ಕೆಟ್ಟಿದೆ ಅಂತ ಹೇಳುವವರು. ಹೋದೆ. ನನ್ನನ್ನು ನೋಡಿ, “ಪ್ರೀತಿ ಸಾಲಿಯಿಂದ ಬಂದ್ಲೇನ?” ಅಂದರು.

ಪ್ರೀತಿಗೆ ಮದುವೆಯಾಗಿ ಎರಡು ಮಕ್ಕಳು.

ಗಾಡಿ ಬಂತು. ಹೊರಟೆವು.

ಏಪ್ರಿಲ್ 27, ರವಿವಾರ. ಜಮಖಂಡಿ, ದವಾಖಾನೆ

ಬರೆಯಲು ಇವತ್ತು ಪುರುಸೊತ್ತು. ಸಲೈನ್ ಹನಿಯುತ್ತಿದೆ. ಇವರು ಮಲಗಿದ್ದಾರೆ. ಪ್ರೀತಿ ಬೀಳಗಿಯಿಂದ ಬಂದಿದ್ದಾಳೆ, ಕೆಳಗೆ ಚಹಾ ತರಲು ಹೋದಳು.

ರಕ್ತದಲ್ಲಿ ಕ್ಯಾಲ್ಸಿಯಂ ಮಿತಿಮೀರಿ ಏರಿದೆ. ಕಿಡ್ನಿಗೆ ಪೆಟ್ಟು ಬಿದ್ದಿದೆ. ಡಾಕ್ಟರು ಅದೇ ಶ್ರೇಯಸ ಡಾಕ್ಟರು, ತೇರದಾಳದ ಕಡೆಯ ಹುಡುಗ, ಮೊದಲು ಪುಡಿ ಬರೆದುಕೊಟ್ಟವರು. ರಿಪೋರ್ಟ್ ನೋಡಿ ಹುಬ್ಬು ಗಂಟು ಹಾಕಿದರು. ಮೊನ್ನೆ ಇವರಿಗೆ ಸ್ವಲ್ಪ ಎಚ್ಚರ ಬಂದಾಗ ಕೇಳಿದರು.

“ಅಂದಾನೆಪ್ಪನವರ, ಆ ಪುಡಿ ಹ್ಯಾಂಗ ತಗೊಂಡ್ರಿ?”

“ನೀವ ಹೇಳಿದಂಗರಿ. ವಾರಕ್ಕ ಒಂದು.”

“ಖರೇನ?”

“ಒಂದ ವಾರಾನೂ ತಪ್ಪಿಸಿಲ್ರಿ. ಸೋಮವಾರಕ್ಕ ಒಂದು, ಮಂಗಳವಾರಕ್ಕ ಒಂದು, ಬುಧವಾರಕ್ಕ ಒಂದು…” ಬೆರಳು ಮಡಿಚುತ್ತ ರವಿವಾರದವರೆಗೆ ಬಂದರು.

ಡಾಕ್ಟರ ಮುಖ ಬಿಳಿಚಿಕೊಂಡಿತು. ಹಿಂದೆ ನಿಂತಿದ್ದ ನರ್ಸ್ ಹುಡುಗಿ ಕಿಸಕ್ಕೆಂದಳು. ಅವಳತ್ತ ತಿರುಗಿ ಒಂದು ನೋಟ ನೋಡಿದೆ, ಹೊರಗೆ ಹೋದಳು.

ನಗುವಂಥದ್ದೇನಿದೆ ಇದರಲ್ಲಿ? ನಮ್ಮ ಮನೆಯಲ್ಲಿ ವಾರ ಅಂದರೆ ಅದೇ. ‘ಇವತ್ತು ಯಾವ ವಾರ’ ಅಂತಲೇ ಕೇಳುತ್ತೇವೆ. ನಮ್ಮತ್ತೆ ಒಪ್ಪತ್ತಿಗೆ ಮೂರು ವಾರ ಹಿಡಿಯುತ್ತಿದ್ದಳು — ಸೋಮವಾರ, ಗುರುವಾರ, ಶನಿವಾರ. ನಾನು ಒಂದೇ ವಾರ ಹಿಡಿಯುತ್ತೇನೆ. ಒಂದೊಂದು ವಾರಕ್ಕೆ ಒಂದೊಂದು ದೇವರಿದ್ದ ಹಾಗೆ ಒಂದೊಂದು ವಾರಕ್ಕೆ ಒಂದೊಂದು ಪುಡಿ ಅಂತ ಇವರು ತಿಳಿದರೆ ತಪ್ಪು ಇವರದೇ? ಸಂತೆಯಿಂದ ಸಂತೆಗೆ ಒಂದು ಅಂದಿದ್ದರೆ ಬನಹಟ್ಟಿಯ ಕೂಸಿಗೂ ತಿಳಿಯುತ್ತಿತ್ತು. ಡಾಕ್ಟರಿಗೆ ಅದನ್ನೇ ಅಂದೆ. ಅವರು ಸಿಟ್ಟಾಗಲಿಲ್ಲ.

“ಹಂಗ ಹೇಳಬೇಕಿತ್ತರಿ ಅವ್ವಾರ. ಎಂಟ ಪಾಕೀಟ ಅಷ್ಟ ಬರದಿದ್ದೆ. ಮುಗದ ಮ್ಯಾಲ ಬರ್ತಾರಂತ ತಿಳಿದಿದ್ದೆ.”

“ಹೆಚ್ಚಾಗಿದ್ದು ಮೂತ್ರದಾಗ ಹೋಗತೈತಿ ಅಂತಲ್ರಿ?”

“ಕೆಲವ ಹೋಗ್ತಾವ. ಇದು ಹೋಗೂದಿಲ್ಲ. ಕೊಬ್ಬಿನ್ಯಾಗ ಕುಂತ ಬಿಡತೈತಿ.”

ಇಷ್ಟು ದಿನ ಹಾಲು ಮೊಸರು ಎಳ್ಳು ಹಿಂದೆ ಬಿದ್ದು ತಿನ್ನಿಸಿದೆನಲ್ಲ, ಅದೂ ಬೆಂಕಿಗೆ ಎಣ್ಣೆ ಆಯಿತಂತೆ. ಇನ್ನು ಇವರಿಗೆ ಹಾಲಿಲ್ಲ, ಮೊಸರಿಲ್ಲ. ಬರೀ ಸಲೈನ್ ಮತ್ತು ಏನೇನೋ ಸೂಜಿ. ಕಿಡ್ನಿ ಎಷ್ಟು ತಿರುಗಿ ಬರುತ್ತದೆ ಅಂತ ಕೇಳಿದೆ. “ನೋಡೂಣ್ರಿ” ಅಂದರು.

ಮೇ 1

ಹಾಗೇ ಇದೆ. ಎರಡು ತುತ್ತು ಗಂಜಿ, ಅದೂ ವಾಂತಿ. ನನ್ನ ಕಡೆ ನೋಡುತ್ತಾರೆ, ಏನೋ ಹೇಳಬೇಕು ಅನ್ನುವ ಹಾಗೆ, ಮತ್ತೆ ಕಣ್ಣು ಮುಚ್ಚುತ್ತಾರೆ. ದೇವರೇ, ಇವರನ್ನು ನನಗೆ ಉಳಿಸಿಕೊಡು. ಜನರ ಎದುರಿಗೆ ನನ್ನ ರೊಟ್ಟಿಗೆ ಬೇಕಾದ್ದು ಅನ್ನಲಿ.

ಮೇ 3

ಖಾನಾವಳಿ ನೋಡಿ ಬರೋಣ ಅಂತ ಬನಹಟ್ಟಿಗೆ ಹೋಗಿದ್ದೆ. ಪ್ರೀತಿ ಇವರ ಹತ್ತಿರ ಕೂತಳು. ಹಣಮವ್ವ ಒಬ್ಬಳೇ ಸಂಭಾಳಿಸುತ್ತಿದ್ದಾಳೆ, ಪುಣ್ಯಾತ್ಗಿತ್ತಿ. ಬಸ್ಸಿನಿಂದ ಇಳಿದವಳು ಮನೆಗೆ ಹೋಗಲಿಲ್ಲ, ಸೀದಾ ರಾಮಣ್ಣನ ಮೆಡಿಕಲ್‌ಗೆ ಹೋದೆ. ಮುಂದೆ ಗಿರಾಕಿಗಳು ನಿಂತಿದ್ದರು. ನಿಂತಿರಲಿ ಅಂತಲೇ ಹೋದೆ.

“ನಮ್ಮ ಮನಿಯವರು ದವಾಖಾನ್ಯಾಗ ಅದಾರ. ನಿನ್ನ ಪುಡಿ ಕುಡದ.”

ಅವನು ಕೈಯಲ್ಲಿದ್ದ ಮಾತ್ರೆ ಪಟ್ಟಿ ಕೆಳಗಿಟ್ಟ. “ನಾ ಏನ ಮಾಡ್ಲಿರಿ ಅಕ್ಕಾರ? ಅವರು ಕೇಳಿದ್ರು, ನಾ ಕೊಟ್ಟೆ.”

“ಡಾಕ್ಟರ ಚೀಟಿ ಕೇಳಿದಿಯೇನ?”

“ಚೀಟಿ ಕೇಳಿದ್ರ ಗಿರಾಕಿ ಸಿಟ್ಟಾಗ್ತಾರ್ರಿ. ಅದೂ ವಿಟಮಿನ್ನಿಗೆ ಯಾಂವ ಚೀಟಿ ಕೇಳ್ತಾನ? ಡಬ್ಬಿ ಡಬ್ಬಿ ಒಯ್ಯುದ ನೋಡಿ ಶೆಡ್ಡಿನವರಿಗೆಲ್ಲ ಕೊಡ್ತಾರಂತ ತಿಳಿದಿದ್ದೆ.”

“ನೀ ಏನ ತಿಳಿದಿದ್ದಿ ಅಂತ ಯಾರ ಕೇಳ್ಯಾರ? ನನ್ನ ಖಾನಾವಳಿಗೆ ದಿನಾ ಬರಾಂವ ಒಮ್ಮಿಂದೊಮ್ಮಿಗೆ ಎರಡ ಪಟ್ಟ ರೊಟ್ಟಿ ತಿನ್ನಾಕತ್ರ ನಾ ಕೇಳ್ತೀನಿ, ಯಾಕಪ್ಪ, ಹೊಟ್ಟಿ ಹ್ಯಾಂಗೈತಿ ಅಂತ. ರೊಟ್ಟಿ ಮಾರಾಕಿ ನಾ ಕೇಳ್ತೀನಿ. ಔಷಧ ಮಾರಾಂವ ನೀ ಕೇಳಲಿಲ್ಲ.”

ಸರದಿಯಲ್ಲಿದ್ದ ಒಬ್ಬ ಮುದುಕಿ ತನ್ನ ಕೈಯಲ್ಲಿದ್ದ ಬಾಟಲಿ ನನ್ನ ಮುಂದೆ ಹಿಡಿದು, “ಇದ ಹ್ಯಾಂಗ ತಗೋಬೇಕವಾ?” ಅಂದಳು. “ಅವನ್ನ ಕೇಳ್ರಿ. ಕೇಳಿ, ಮತ್ತೊಮ್ಮೆ ಕೇಳ್ರಿ” ಅಂದೆ. ರಾಮಣ್ಣ ಮೊಬೈಲ್ ಬದಿಗಿಟ್ಟು ಅವಳಿಗೆ ಬೆರಳು ಮಡಿಚಿ ಹೇಳತೊಡಗಿದ. ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ. ಅಷ್ಟು ಕೂಗಾಡಿದರೂ ಸಿಟ್ಟು ತೀರಲಿಲ್ಲ.

ಮೇ 5, ಸೋಮವಾರ. ಜಮಖಂಡಿ

ಬೆಳಿಗ್ಗೆ ರಕ್ತ ತೆಗೆದರು. ಕ್ಯಾಲ್ಸಿಯಂ ಇಳಿದಿದೆ. ಕಿಡ್ನಿಯೂ ಸುಧಾರಿಸಲು ಹತ್ತಿದೆ, ಪೂರ್ತಿ ತಿರುಗಿ ಬರಲು ತಿಂಗಳುಗಳು ಬೇಕು, ಆದರೆ ಬರುತ್ತದೆ ಅಂದರು ಡಾಕ್ಟರು. ಅವರ ಕಾಲಿಗೆ ಬೀಳುವುದೊಂದು ಬಾಕಿ.

ಸಂಜೆ ಇವರು ತಾವೇ ಎದ್ದು ದಿಂಬಿಗೆ ಒರಗಿದರು. ನಾನು ಬಾಳೆಹಣ್ಣು ತಿಂದು ಒಪ್ಪತ್ತು ಬಿಡುತ್ತಿದ್ದೆ. ಸುಮ್ಮನೆ ನೋಡುತ್ತಿದ್ದವರು ಕೇಳಿದರು.

“ಮಂಡಿ ಹ್ಯಾಂಗ ಅದಾವ?”

“ಛಲೋ ಅದಾವ. ಯಾಕ್ರಿ?”

“ಎರಡ ಸೋಮವಾರ ತಪ್ಪಿತಲ್ಲ, ಅದಕ್ಕ ಕೇಳಿದೆ.”

“ಪಾಯಸ ಎರಡ ಸಲ ತಪ್ಪಿದ್ರ ಏನ ಆಗತೈತ್ರಿ.”

“ಪಾಯಸ ಅಲ್ಲ.”

ನನಗೆ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಬಾಳೆಹಣ್ಣು ಕೆಳಗಿಟ್ಟೆ.

“ನನ್ನ ಬಟ್ಟಲಿಗೆ ಹಾಕ್ತಿದ್ರೇನ?”

“ಮಂಡಿ ಹಿಡಕೊಂಡ ನರಳೂದ ನೋಡಾಕ ಆಗಲಿಲ್ಲ.”

“ನನ್ನ ಕೇಳದ?”

“ಕೇಳಿದ್ರ ಕುಡೀತಿದ್ದೇನ?”

“ಇಲ್ಲ.”

“ಮತ್ತ.”

ಮತ್ತ ಅಂತೆ. ಸಿಟ್ಟು ನೆತ್ತಿಗೇರಿತು. ಒಪ್ಪತ್ತಿನ ಬಟ್ಟಲು ಅದು, ದೇವರಿಗೆ ಎಡೆ ತೋರಿಸಿ ತಿನ್ನುವುದು. ದಿನಾ ಹಾಕಿದಿರೇನು ಅಂತ ಕೇಳಿದೆ. ಇಲ್ಲವಂತೆ. “ನೀ ಒಂದ ವಾರ ಹಿಡಿಯಾಕಿ. ನಿನಗ ಒಂದ ಸಾಕು ಅಂದಕೊಂಡೆ. ಉಳದ ದಿನ ನಿನ್ನ ಬಟ್ಟಲ ನನ್ನ ಕೈಗೆ ಎಲ್ಲಿ ಸಿಗತಿತ್ತು.”

ಅಷ್ಟರಲ್ಲಿ ಶ್ರೇಯಸ ಡಾಕ್ಟರು ರೌಂಡಿಗೆ ಬಂದರು. ನಾನೇ ಎಲ್ಲಾ ಹೇಳಿದೆ, ದೂರು ಕೊಡುವ ಹಾಗೆ. ಅವರು ಕೇಳುತ್ತ ಕೇಳುತ್ತ ಕುರ್ಚಿಯಲ್ಲಿ ಕೂತುಬಿಟ್ಟರು.

“ಹಂಗಾದ್ರ ಅವ್ವಾರ, ಈ ಮನ್ಯಾಗ ನಾ ಹೇಳಿದ್ದ ಬರೋಬರಿ ತಗೊಂಡಾಕಿ ನೀವ ಒಬ್ರ. ನಾಳೆ ನಿಮ್ಮ ರಕ್ತಾನೂ ಒಮ್ಮೆ ನೋಡೂಣು.”

“ನೋಡ್ರಿ. ಆದ್ರ ಒಂದ ಹೇಳ್ರಿ. ನನ್ನ ಮಂಡಿ ನೋವು ಯಾವುದರಿಂದ ಕಡಿಮಿ ಆತು? ನನ್ನ ಅಳವಿಯಿಂದೋ, ಇವರ ಪುಡಿಯಿಂದೋ?”

“ಅದ ಹೇಳಾಕ ಬರೂದಿಲ್ರಿ. ನಿಮಗ ವಿಟಮಿನ್ ಕಡಿಮಿ ಇತ್ತೋ ಇಲ್ಲೋ ಮೊದಲ ನೋಡೇ ಇಲ್ಲಲ್ಲ. ಪುಡಿ ಇರಬಹುದು, ಪಾಯಸ ಇರಬಹುದು. ಎರಡೂ ಅಲ್ಲದ ತಾನ ಹೋಗಿರಬಹುದು.”

ಇಷ್ಟೆಲ್ಲ ಓದಿದವರು ಹೇಳುವುದು ಇದು. ಊರಿಗೆಲ್ಲ ಡಂಗುರ ಸಾರಿದ್ದೇನೆ ನಾನು. ಹೆಣ್ಣುಮಕ್ಕಳು ಅಳವಿ ಕೊಂಡು ಹೋಗಿದ್ದಾರೆ. ಈಗ ಅವರಿಗೆ ಏನು ಹೇಳಲಿ? ಗಂಡ ಕದ್ದು ಪುಡಿ ಹಾಕಿದ್ದ ಅಂತಲೇ?

ಡಾಕ್ಟರು ಹೋದ ಮೇಲೆ ಇವರು ಮೀಸೆಯಲ್ಲಿ ನಕ್ಕರು. ಸಾವಿನ ಬಾಗಿಲು ಬಡಿದು ಬಂದ ಮನುಷ್ಯ, ಗೆದ್ದವರ ಹಾಗೆ ನಗುತ್ತಾರೆ. ಬೈಯಬೇಕು ಅಂತ ಬಾಯಿ ತೆರೆದೆ. ಆಗ ಹೊಳೆಯಿತು — ನಮ್ಮತ್ತೆಯ ಹಾಗೆ ನಾನೂ ಮೂರು ವಾರ ಹಿಡಿದಿದ್ದರೆ ಮೂರು ಹಾಕುತ್ತಿದ್ದರು. ಏಳು ಹಿಡಿದಿದ್ದರೆ ಏಳು. ಅಷ್ಟೇ ಪ್ರೀತಿಯಿಂದ. ಪಕ್ಕದ ಮಂಚದಲ್ಲಿ ನಾನಿರುತ್ತಿದ್ದೆ. ಎಷ್ಟು ಕುಡಿಯುತ್ತೀರಿ ಅಂತ ನಾನು ಇವರನ್ನು ಕೇಳಲಿಲ್ಲ, ಕುಡಿಯುತ್ತೀಯಾ ಅಂತ ಇವರು ನನ್ನನ್ನು ಎರಡನೇ ಸಲ ಕೇಳಲಿಲ್ಲ. ಒಂದೇ ಒಲೆಯ ಮುಂದೆ ಇಬ್ಬರೂ ಹಟ ಹಿಡಿದು ಕುಳಿತೆವು. ಅಳು ಬಂತು, ತಡೆಯಲಿಲ್ಲ.

“ಅಳಬ್ಯಾಡ. ಇನ್ನ ಮ್ಯಾಲ ಕೇಳಿ ಹಾಕ್ತೀನಿ.”

ಕೇಳಿ ಹಾಕುತ್ತಾರಂತೆ. ಇವರನ್ನು ಏನು ಮಾಡಬೇಕು ಹೇಳಿ. ಮನೆಗೆ ಹೋದ ಕೂಡಲೇ ಆ ಡಬ್ಬಿಗಳನ್ನೆಲ್ಲ ಎತ್ತಿ…

ಇವರು ಮತ್ತೆ ಏನೋ ಕೇಳುತ್ತಿದ್ದಾರೆ. ಹಸಿವಾಗಿದೆಯಂತೆ. ರೊಟ್ಟಿ ಬೇಕಂತೆ, ನನ್ನ ಕೈಯದೇ. ಈ ಹೊತ್ತಿನಲ್ಲಿ ಜಮಖಂಡಿಯಲ್ಲಿ ಹಿಟ್ಟು ಎಲ್ಲಿ ಸಿಗುತ್ತದೋ, ನೋಡಿ ಬರುತ್ತೇನೆ.